ಸ್ಪಷ್ಟನೆ: ಬ್ಯಾಟಿಗೆ ತೂಕದ ಬಳೆ ಹಾಕಿ 100 ಸ್ವಿಂಗ್ ಬೇಡ

‘ಬ್ಯಾಟಿಗೆ ತೂಕದ ಬಳೆ ಹಾಕಿ ದಿನಕ್ಕೆ 100 ಸಲ ಬೀಸಿದರೆ ಮಕ್ಕಳ ಸ್ವಿಂಗ್ ವೇಗ ಹೆಚ್ಚುತ್ತದೆ’ ಎಂಬ ಸಂದೇಶ ಮಂಗಳೂರು, ಉಡುಪಿಯ ಬೇಸ್‌ಬಾಲ್ ಆಡುವ ಮಕ್ಕಳ ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. (ತೂಕದ ಬಳೆ ಎಂದರೆ ಬ್ಯಾಟಿನ ತುದಿಯ ಕಡೆಗೆ ತೊಡಿಸುವ ಭಾರದ ಉಂಗುರ.)

ಬಳೆ ತೆಗೆದ ಕೂಡಲೇ ಬ್ಯಾಟ್ ಹಗುರ ಅನ್ನಿಸುತ್ತದೆ, ನಿಜ. ಆದರೆ ಅದು ಕೈಗಾಗುವ ಭ್ರಮೆ. ಅಳೆದು ನೋಡಿದಾಗ ಮುಂದಿನ ಕೆಲವು ಸ್ವಿಂಗ್ ಸಾಮಾನ್ಯವಾಗಿ ನಿಧಾನವೇ ಆಗಿರುತ್ತವೆ. ತೂಕವೆಲ್ಲ ತುದಿಯ ಕಡೆ ಸೇರುವುದರಿಂದ ಬ್ಯಾಟಿನ ತಲೆ ಜೋತುಬೀಳುತ್ತದೆ, ಮಗು ಸೊಂಟ ತಿರುಗಿಸುವುದು ಬಿಟ್ಟು ತೋಳಿನಿಂದ ಎಳೆಯತೊಡಗುತ್ತದೆ. ಅದೇ ರೂಢಿಯಾದರೆ ಬಿಡಿಸುವುದು ಬಹಳ ಕಷ್ಟ.

ಸರಿಯಾದ ಕ್ರಮ ಹೀಗೆ. ಪಂದ್ಯದ ಬ್ಯಾಟ್ 600 ಗ್ರಾಂ ಇದ್ದರೆ, ಜೊತೆಗೆ ಸುಮಾರು 660 ಗ್ರಾಂನದ್ದೊಂದು, 540 ಗ್ರಾಂನದ್ದೊಂದು ಇರಲಿ. ಭಾರದ್ದರಲ್ಲಿ 5, ಹಗುರದ್ದರಲ್ಲಿ 5, ಕೊನೆಗೆ ತನ್ನದರಲ್ಲಿ 5. ಪ್ರತಿ ಸ್ವಿಂಗೂ ಪೂರ್ತಿ ಜೋರು, ನಡುವೆ 20 ಸೆಕೆಂಡ್ ಬಿಡುವು. ಇಂಥ ಎರಡು ಸುತ್ತು, ವಾರಕ್ಕೆ 3 ದಿನ ಸಾಕು. ಸುಸ್ತಾದ ಮೇಲೂ ಬೀಸಿಸಿದರೆ ಮಗು ಕಲಿಯುವುದು ನಿಧಾನದ ಸ್ವಿಂಗನ್ನೇ. ನಮ್ಮ ಕರಾವಳಿಯ ಸೆಕೆಗೆ ಬೆವರಿದ ಕೈಯಿಂದ ಬ್ಯಾಟ್ ಜಾರಿ ಹಾರುತ್ತದೆ, ಸುತ್ತಿಗೊಮ್ಮೆ ಬ್ಯಾಟಿನ ಹಿಡಿಯನ್ನು ಒರೆಸಿ. ಸೊಂಟ ನೋವೆಂದರೆ ಅಲ್ಲಿಗೇ ನಿಲ್ಲಿಸಿ.

ಆ ಸಂದೇಶವನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಮಾಡಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.