ಸ್ವರಗಳ ನಡುವಿನ ಜಾಗ

ನಿನ್ನೆ ರಾತ್ರಿ ಒಂದೂವರೆ ತನಕ ಸ್ವರಲಿಪಿಯ ಒಂದೇ ಸಾಲನ್ನು ಪುಟದಲ್ಲಿ ಜೋಡಿಸುತ್ತ ಕೂತಿದ್ದೆ. ಕ್ಯಾಥೊಲಿಕ್ ಚರ್ಚಿನ ಹಳೆಯ ಹಾಡುಗಾರಿಕೆಯಾದ ಗ್ರೆಗೋರಿಯನ್ ಗಾಯನದ 'ಕೀರಿಯೆ ಎಲೇಯಿಸೋನ್' (ಪ್ರಭುವೇ, ಕರುಣಿಸು). ಇದಕ್ಕೆ ತಾಳದ ಲೆಕ್ಕ ಇಲ್ಲ, ಮಾತಿನ ಉಸಿರೇ ಲಯ. ಆದರೆ ಸ್ವರಲಿಪಿ ಬರೆಯಲು ನಾನು ಬಳಸುವ ಸಾಫ್ಟ್‌ವೇರ್ ಪ್ರತಿ ಸ್ವರಕ್ಕೂ ಒಂದು ಅಳತೆ ಇದೆ ಅಂದುಕೊಂಡು ಸಮ ದೂರಕ್ಕೆ ಕೂರಿಸುತ್ತದೆ. 'ಎ' ಎಂಬ ಒಂದೇ ಅಕ್ಷರದ ಮೇಲೆ ಐದಾರು ಸ್ವರ ಒತ್ತೊತ್ತಾಗಿ ನಿಲ್ಲಬೇಕು. ಅವು ನೆಲಕ್ಕೆ ಚೆಲ್ಲಿದ ಕಡಲೆಯ ಹಾಗೆ ಹರಡಿಕೊಂಡಿವೆ. ಕೊನೆಯ 'ಸೋನ್' ಅಗಲ ಜಾಸ್ತಿ, ಅದು ತನ್ನ ಸ್ವರವನ್ನು ಇನ್ನೂ ಆಚೆ ತಳ್ಳಿದೆ.

ಇದು ಸುಮ್ನೆ ಅಂದಚಂದದ ಮಾತಲ್ಲ. ಸ್ವಿಟ್ಜರ್ಲೆಂಡ್‌ನ ಸೇಂಟ್ ಗ್ಯಾಲನ್ ಮಠದ 10ನೇ ಶತಮಾನದ ಹಸ್ತಪ್ರತಿಗಳಲ್ಲಿ ಸ್ವರದ ಗುರುತುಗಳನ್ನು ಎಲ್ಲಿ ಕೂಡಿಸಿ, ಎಲ್ಲಿ ಬಿಡಿಸಿ ಬರೆದಿದ್ದಾರೆ ಎನ್ನುವುದೇ ಹಾಡುವವರಿಗೆ ಸೂಚನೆ. ಜಾಗ ತಪ್ಪಿದರೆ ಅವರು ತಪ್ಪು ಸ್ವರದ ಮೇಲೆ ನಿಲ್ಲುತ್ತಾರೆ, ಅಲ್ವಾ?

ತಾಳದ ಅಳತೆ ತೋರಿಸುವ ನಿಲುವು ಗೆರೆಗಳನ್ನು, ಅಂದರೆ ಬಾರ್ ಗೆರೆಗಳನ್ನು, ತೆಗೆದರೆ ಈ ಸಾಫ್ಟ್‌ವೇರ್‌ನಲ್ಲಿ ಸಾಲು ಮುರಿಯುವುದೇ ಇಲ್ಲ, ಪುಟದಾಚೆ ಓಡುತ್ತದೆ. ಕಾಣದ ಗೆರೆಗಳನ್ನು ಒಂದೊಂದಾಗಿ ತುರುಕಿದೆ. ಸಾಹಿತ್ಯದ ಅಕ್ಷರ ಚಿಕ್ಕದು ಮಾಡಿದೆ. ಕೊನೆಯ ಸಾಲಿನ ನಾಲ್ಕು ಸ್ವರ ಪುಟದ ತುದಿವರೆಗೂ ಎಳೆದುಕೊಂಡಿದ್ದವು. ಬಲ ಅಂಚು ಸಮ ಮಾಡುವುದನ್ನು ನಿಲ್ಲಿಸಿದ ಮೇಲೆ ಅವು ಸರಿಹೋದವು. 'ಎ' ಮಾತ್ರ ಇನ್ನೂ ಹಾಗೇ ಹರಡಿಕೊಂಡಿದೆ.