ಮರಳುಗಾಡಿನಲ್ಲಿ ಗರಿಕೆ

ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಕಣಿವೆಯಲ್ಲಿ ವರ್ಷವಿಡೀ ಬೀಳುವ ಮಳೆ ಮೂರರಿಂದ ಐದು ಇಂಚು. ಅದೇ ಕಣಿವೆಯ ಲಾ ಕ್ವಿಂಟಾ ರಿಸಾರ್ಟಿನ ಈಜುಕೊಳಗಳು 41. ಇಂಚಿಗೆ ಹತ್ತು ಕೊಳ ಅಂತಿಟ್ಟುಕೊಳ್ಳಿ. ಈ ಲೆಕ್ಕವನ್ನು ನಮ್ಮ ಹೈಸ್ಕೂಲಿನ ಮೇಷ್ಟ್ರಿಗೆ ಒಪ್ಪಿಸಿದ್ದರೆ ಪ್ರಶ್ನೆಯೇ ತಪ್ಪು ಅಂದು ಕಾಟು ಹಾಕುತ್ತಿದ್ದರು.

ಲಾಸ್ ಏಂಜಲೀಸ್‌ನಿಂದ ಪೂರ್ವಕ್ಕೆ ಕಾರಿನಲ್ಲಿ ಎರಡು ಗಂಟೆ ಹೋದರೆ ಈ ಕಣಿವೆ ಸಿಗುತ್ತದೆ. ಪಶ್ಚಿಮಕ್ಕೆ ಸಾನ್ ಹಸಿಂಟೋ ಬೆಟ್ಟ, 3,300 ಮೀಟರ್ ಎತ್ತರ. ಸಮುದ್ರದ ಕಡೆಯಿಂದ ಬರುವ ಮೋಡಗಳು ಅದಕ್ಕೆ ಬಡಿದು ಆಚೆಯೇ ಬರಿದಾಗುತ್ತವೆ. ಈಚೆಗೆ ಉಳಿಯುವುದು ನೀಲಿ ಆಕಾಶ, ಒಣ ಗಾಳಿ ಮತ್ತು ಜನವರಿಯಲ್ಲೂ ಹಿತವಾದ ಬಿಸಿಲು. ಪಾಮ್ ಸ್ಪ್ರಿಂಗ್ಸ್, ರಾಂಚೋ ಮಿರಾಜ್, ಇಂಡಿಯನ್ ವೆಲ್ಸ್, ಲಾ ಕ್ವಿಂಟಾ ಅಂತ ಒಂದಕ್ಕೊಂದು ತಾಗಿಕೊಂಡ ಊರುಗಳು. ಇವುಗಳಲ್ಲಿ ಲಾ ಕ್ವಿಂಟಾದ ಕಥೆ ತಮಾಷೆಯದು. ಅಲ್ಲಿ ಮೊದಲು ಬಂದದ್ದು ಹೋಟೆಲು, 1926ರಲ್ಲಿ. ಊರು ಆಮೇಲೆ ಬೆಳೆದು, ಹೋಟೆಲಿನ ಹೆಸರನ್ನೇ ಇಟ್ಟುಕೊಂಡು, 1982ರಲ್ಲಿ ಅಧಿಕೃತವಾಗಿ ಪಟ್ಟಣವಾಯಿತು.

ತಂಗಿಯ ಮಗಳು ಅಲ್ಲಿಗೆ ಹತ್ತಿರದಲ್ಲೇ ಇದ್ದಾಳೆ. ಅವಳ ದಯೆಯಿಂದ ಈ ವೈಭವವನ್ನು ನಾನೂ ಕಂಡೆ. ಬಿಳಿ ಗೋಡೆಯ, ಕೆಂಪು ಹೆಂಚಿನ ಪುಟ್ಟ ಪುಟ್ಟ ಮನೆಗಳು. ನಾಲ್ಕೈದು ಮನೆಗೊಂದು ಕೊಳ. ಹಿಂದೆ ಒಂದು ಗಿಡವೂ ಇಲ್ಲದ ಕಂದು ಬೆಟ್ಟ. ನಿಜ ಹೇಳಬೇಕೆಂದರೆ ಇಲ್ಲಿ ಕಾಸು ಕೊಟ್ಟು ಕೊಳ್ಳುವುದು ಚಳಿಗಾಲದ ಬಿಸಿಲನ್ನು. ಷಿಕಾಗೋ, ಕೆನಡಾ ಕಡೆಯವರು ಮನೆ ಮುಂದಿನ ಹಿಮ ಗೋರುವುದನ್ನು ಬಿಟ್ಟು ಇಲ್ಲಿಗೆ ಓಡಿ ಬರುತ್ತಾರೆ. ಆದರೆ ಅಷ್ಟೊಂದು ದುಡ್ಡು ಕೊಟ್ಟು ಬಂದು ಸುಮ್ನೆ ಬಿಸಿಲು ಕಾಯಿಸುತ್ತಾ ಕೂತರೆ ಮನಸ್ಸು ಒಪ್ಪಬೇಕಲ್ಲ! ನಮ್ಮೂರ ಜಗಲಿಯ ಮೇಲೆ ಹಿರಿಯರು ಅದನ್ನು ಪುಕ್ಕಟೆಯಾಗಿ, ಯಾವ ಸಂಕೋಚವೂ ಇಲ್ಲದೆ ಮಾಡುತ್ತಿದ್ದರು. ಇಲ್ಲಿ ಅದಕ್ಕೊಂದು ನೆಪ ಬೇಕು. ಬೆಳಗ್ಗೆ ಟೆನಿಸ್, ಹತ್ತಕ್ಕೆ ಗಾಲ್ಫ್, ಮೂರಕ್ಕೆ ಸ್ಪಾ. ರಜೆಗೆ ಬಂದವರ ಫೋನಿನಲ್ಲಿ ಆಫೀಸಿನಲ್ಲಿದ್ದಾಗಿಗಿಂತ ಜಾಸ್ತಿ ಅಲಾರಂ ಹೊಡೆಯುತ್ತವೆ.

ನೆಪಗಳಲ್ಲಿ ದೊಡ್ಡದು ಗಾಲ್ಫ್. ಈ ಕಣಿವೆಯಲ್ಲಿ ನೂರಿಪ್ಪತ್ತರಷ್ಟು ಗಾಲ್ಫ್ ಕೋರ್ಸ್‌ಗಳಿವೆ. ವಿಮಾನದಿಂದ ನೋಡಿದರೆ ಕಂದು ನೆಲದ ಮೇಲೆ ಹಸಿರು ಬಳಿದ ಹಾಗೆ ಕಾಣುತ್ತದೆ. ಎರಡನೇ ಮಹಾಯುದ್ಧದಲ್ಲಿ ಸೈನ್ಯ ನಡೆಸಿ, ಎರಡು ಸಲ ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ತಮ್ಮ ಜೀವನದ ಮೊದಲ ಹೋಲ್ ಇನ್ ಒನ್ ಹೊಡೆದದ್ದು ಇಲ್ಲೇ ಪಾಮ್ ಸ್ಪ್ರಿಂಗ್ಸ್‌ನಲ್ಲಿ, 1968ರಲ್ಲಿ. ಆಗ ಅವರಿಗೆ 77 ವರ್ಷ. ಒಂದೇ ಏಟಿಗೆ ಚೆಂಡು ಗುಳಿಗೆ ಬೀಳುವುದು ನಾರ್ಮಂಡಿ ಗೆದ್ದವರಿಗೂ ಅಷ್ಟು ತಡವಾಗಿ ಒಲಿಯುತ್ತದೆ ಅಂದಮೇಲೆ, ಆಟದ ಬಗ್ಗೆ ನಾನು ಹೇಳುವುದೇನೂ ಇಲ್ಲ.

ನನ್ನ ಕಣ್ಣು ನೆಟ್ಟಿದ್ದು ಹುಲ್ಲಿನ ಮೇಲೆ. ಅಲ್ಲಿನ ಮೈದಾನಗಳ ಮೂಲ ಹುಲ್ಲು ಬರ್ಮುಡಾ. ಬರ್ಮುಡಾ ಅಂದರೆ ಬೇರಾರೂ ಅಲ್ಲ, ಗಣಪತಿಗೆ ಏರಿಸುವ ನಮ್ಮ ಗರಿಕೆ. ಅದನ್ನು ಆಫ್ರಿಕಾದ ಇನ್ನೊಂದು ಗರಿಕೆಯ ಜೊತೆ ಕೂಡಿಸಿ, ನಯವಾಗಿ ಒತ್ತಾಗಿ ಬೆಳೆಯುವ ತಳಿಗಳನ್ನು ಮಾಡಿಕೊಂಡಿದ್ದಾರೆ. ನಮ್ಮಲ್ಲಿ ಚೌತಿಯ ಹಿಂದಿನ ದಿನ ಬೇಲಿ ಬದಿಯಲ್ಲಿ ಬಗ್ಗಿ ಬಗ್ಗಿ ಇಪ್ಪತ್ತೊಂದು ಕುಡಿ ಹುಡುಕುತ್ತೇವೆ. ಅಲ್ಲಿ ನೂರಾರು ಎಕರೆ. ಗಣಪತಿಗೆ ಗೊತ್ತಾದರೆ ವೀಸಾಕ್ಕೆ ಅರ್ಜಿ ಹಾಕಿಯಾನು.

ಆದರೆ ಗರಿಕೆಗೆ ತನ್ನದೇ ಪಂಚಾಂಗವಿದೆ. ಅದು ಬಿಸಿಲು ಇಷ್ಟಪಡುವ ಹುಲ್ಲು. ಬೇಸಿಗೆಯಲ್ಲಿ ಕುಣಿಯುತ್ತದೆ, ರಾತ್ರಿಗಳು ತಣ್ಣಗಾದರೆ ಕಂದು ಬಣ್ಣಕ್ಕೆ ತಿರುಗಿ ಮಲಗಿಬಿಡುತ್ತದೆ. ಅತಿಥಿಗಳು ಬರುವುದೋ ಸರಿಯಾಗಿ ಅದು ಮಲಗುವ ಹೊತ್ತಿಗೆ! ದುಡ್ಡು ಕೊಟ್ಟವರಿಗೆ ಮಲಗಿದ ಹುಲ್ಲು ತೋರಿಸಲು ಆಗುತ್ತದೆಯೇ? ಅದಕ್ಕೆ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಕೋರ್ಸ್‌ಗಳನ್ನು ಕೆಲವು ವಾರ ಮುಚ್ಚುತ್ತಾರೆ. ಗರಿಕೆಯನ್ನು ಬುಡಮಟ್ಟ ಕೆರೆದು, ಅದರ ಮೇಲೇ ರೈ ಎಂಬ ಚಳಿಗಾಲದ ಹುಲ್ಲಿನ ಬೀಜ ಚೆಲ್ಲುತ್ತಾರೆ. ಬೀಜ ಮೊಳೆಯುವ ತನಕ ದಿನಕ್ಕೆ ಹಲವು ಸಲ ನೀರು. ನವೆಂಬರಿಗೆಲ್ಲ ಹೊಸ ಹಸಿರು ತಯಾರು. ಬೇಸಿಗೆ ಬಂತೆಂದರೆ ರೈ ಸಾಯುತ್ತದೆ, ಕೆಳಗೆ ಮಲಗಿದ್ದ ಗರಿಕೆ ಎದ್ದು ಬರುತ್ತದೆ. ಅಷ್ಟು ಹೊತ್ತಿಗೆ ನೋಡುವವರೇ ಊರು ಬಿಟ್ಟಿರುತ್ತಾರೆ. ಪಾಪದ ಗರಿಕೆ.

ಇನ್ನು ನೀರು. ಅದರ ಹಿಂದೆ ಹೋದರೆ ಇನ್ನೊಂದು ಸೋಜಿಗ ಸಿಗುತ್ತದೆ. ಲಾ ಕ್ವಿಂಟಾ ಹೋಟೆಲನ್ನು ವಿನ್ಯಾಸ ಮಾಡಿದವರು ಗಾರ್ಡನ್ ಕಾಫ್‌ಮನ್ ಎಂಬ ವಾಸ್ತುಶಿಲ್ಪಿ. ಕೆಲವೇ ವರ್ಷಗಳ ನಂತರ, ಕೊಲೊರಾಡೊ ನದಿಗೆ ಅಡ್ಡಲಾಗಿ ಕಟ್ಟುತ್ತಿದ್ದ ಹೂವರ್ ಅಣೆಕಟ್ಟೆಗೆ ಅಂದ ಕೊಡುವ ಕೆಲಸವೂ ಅವರಿಗೇ ಬಂತು. ಇಂದು ನಾವು ಚಿತ್ರಗಳಲ್ಲಿ ನೋಡುವ ಆ ನುಣುಪು ಗೋಡೆ, ಗೋಪುರಗಳೆಲ್ಲ ಅವರ ಕೈಚಳಕ. ಆ ಅಣೆಕಟ್ಟೆಗೆ ಒಪ್ಪಿಗೆ ಕೊಟ್ಟ 1928ರ ಕಾನೂನೇ ಇಂಪೀರಿಯಲ್ ಮತ್ತು ಕೋಚೆಲ್ಲಾ ಕಣಿವೆಗಳಿಗೆ ಕಾಲುವೆ ತರಲೂ ಒಪ್ಪಿತ್ತು. ಕೋಚೆಲ್ಲಾ ಕಾಲುವೆ ಮುಗಿದದ್ದು 1940ರ ದಶಕದ ಕೊನೆಯಲ್ಲಿ. ಹೋಟೆಲು ಬರೆದ ಕೈಯೇ ಕಟ್ಟೆಯನ್ನೂ ಬರೆಯಿತು, ಕಟ್ಟೆ ಹಿಡಿದ ನದಿ ಹೋಟೆಲಿನ ಊರಿಗೇ ಬಂತು. ಇದನ್ನು ಯಾರೂ ಲೆಕ್ಕ ಹಾಕಿ ಮಾಡಿದ್ದಲ್ಲ. ಆದರೂ ಬೀಗರು ಬೀಗರು ಸೇರಿ ನಡೆಸಿದ ವ್ಯವಹಾರದ ಹಾಗಿದೆ.

ಕಾಲುವೆ ನೀರು ಬಂದದ್ದು ಹೊಲಕ್ಕೆ ಅಂತ. ಹೊಲಗಳೂ ಇವೆ. ಅಮೆರಿಕದ ಖರ್ಜೂರದ ಬಹುಪಾಲು ಬೆಳೆಯುವುದು ಈ ಕಣಿವೆಯಲ್ಲೇ. ಮೆಕ್ಕಾ ಅಂತ ಒಂದು ಊರೂ ಇದೆ. ಈಗ ಕೊಲೊರಾಡೊ ನದಿ ಸೊರಗುತ್ತಿದೆ, ಹಾಗಾಗಿ ಅನೇಕ ಕೋರ್ಸ್‌ಗಳು ಶುದ್ಧ ಮಾಡಿದ ಬಚ್ಚಲು ನೀರು ಬಳಸುತ್ತಿವೆ. ಕೆಲವರು ಅಂಚಿನ ಹುಲ್ಲು ಕಿತ್ತು ಮರಳುಗಾಡಿನ ಗಿಡಗಳನ್ನೇ ನೆಡುತ್ತಿದ್ದಾರೆ. ಮೊದಲೇ ಅಲ್ಲಿದ್ದ ಗಿಡಗಳನ್ನು ಈಗ ನರ್ಸರಿಯಿಂದ ದುಡ್ಡು ಕೊಟ್ಟು ತರುತ್ತಾರೆ.

ಟೆನಿಸ್ಸಿನ ವಿಷಯದಲ್ಲಿ ಮಾತ್ರ ನನಗೆ ತಕರಾರಿಲ್ಲ. ಅದಕ್ಕೆ ಹುಲ್ಲು ಬೇಡ, ನೀರು ಬೇಡ, ಮಳೆ ಬರದಿದ್ದರೆ ಸಾಕು. 1934ರಲ್ಲಿ ಚಾರ್ಲ್ಸ್ ಫ್ಯಾರೆಲ್, ರಾಲ್ಫ್ ಬೆಲಮಿ ಎಂಬ ಇಬ್ಬರು ಸಿನಿಮಾ ನಟರು ಪಾಮ್ ಸ್ಪ್ರಿಂಗ್ಸ್‌ನಲ್ಲಿ ರ‍್ಯಾಕೆಟ್ ಕ್ಲಬ್ ತೆರೆದರು, ಹಾಲಿವುಡ್ಡೇ ಅಲ್ಲಿಗೆ ಬಂತು. ಇಂದು ಇಂಡಿಯನ್ ವೆಲ್ಸ್‌ನಲ್ಲಿ 16,100 ಜನ ಕೂರುವ ಟೆನಿಸ್ ಕ್ರೀಡಾಂಗಣವಿದೆ. ಪ್ರತಿ ಮಾರ್ಚ್‌ನಲ್ಲಿ ದೊಡ್ಡ ಟೂರ್ನಿ. ಒಣ ಗಾಳಿಯಲ್ಲಿ ಚೆಂಡು ಸರ‍್ರನೆ ಹಾರುತ್ತದೆ, ಒರಟು ಕೋರ್ಟಿಗೆ ಬಿದ್ದರೆ ಹೆಗಲ ಮಟ್ಟಕ್ಕೆ ಪುಟಿಯುತ್ತದೆ. ಮಧ್ಯಾಹ್ನ ಸುಡುವ ಬಿಸಿಲು, ರಾತ್ರಿ ಸ್ವೆಟರ್. ಗಟ್ಟಿ ಆಟಗಾರರೂ ಇಲ್ಲಿ ಗೊಣಗುತ್ತಾರೆ. 2023ರಲ್ಲಿ ಇಲ್ಲಿ ಡಬಲ್ಸ್ ಗೆದ್ದವರು ನಮ್ಮ ಕೊಡಗಿನ ರೋಹನ್ ಬೋಪಣ್ಣ, ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡನ್ ಜೊತೆ ಸೇರಿ. ಬೋಪಣ್ಣನವರಿಗೆ ಆಗ 43 ವರ್ಷ. ಪುರುಷರ ವೃತ್ತಿಪರ ಟೆನಿಸ್ಸಿನಲ್ಲಿ ಆ ಮಟ್ಟದ ಟೂರ್ನಿ ಗೆದ್ದ ಅತಿ ಹಿರಿಯರು ಅವರೇ ಆದರು. ಜೂನ್‌ನಿಂದ ಸೆಪ್ಟೆಂಬರಿನ ತನಕ ಕೊಡೆ ಮಡಿಸದ ಸೀಮೆಯವರು, ಮೋಡವೇ ಕಾಣದ ಊರಲ್ಲಿ, ಉಳಿದವರು ಮಂಡಿಗೆ ಪಟ್ಟಿ ಕಟ್ಟಿಕೊಂಡು ಕೂರುವ ವಯಸ್ಸಿನಲ್ಲಿ ಗೆದ್ದರು. ಅಲ್ಲಿ ಕುಳಿತು ಈ ಕಥೆಯನ್ನು ಪಕ್ಕದ ಕುರ್ಚಿಯ ಅಪರಿಚಿತರಿಗೆ ಹೇಳಿದಾಗ, ಕಪ್ಪು ನಾನೇ ಎತ್ತಿದಷ್ಟು ಬೀಗಿದೆ.

ಕಡೆಯದು ಸ್ಪಾ. ಇದೂ ಈ ಕಣಿವೆಗೆ ಹೊರಗಿನಿಂದ ಬಂದದ್ದಲ್ಲ. ಪಾಮ್ ಸ್ಪ್ರಿಂಗ್ಸ್‌ನ ನಡುವೆಯೇ ಬಿಸಿನೀರಿನ ಬುಗ್ಗೆಯಿದೆ, ಅಲ್ಲಿನ ಮೂಲನಿವಾಸಿಗಳಾದ ಕವೀಯಾ ಬುಡಕಟ್ಟಿನ ಜನ ಅದರಲ್ಲಿ ಶತಮಾನಗಳಿಂದ ಮಿಂದಿದ್ದಾರೆ. 1870ರ ದಶಕದಲ್ಲಿ ಸರ್ಕಾರ ನೆಲವನ್ನು ಚದರ ಮೈಲಿಗಳಾಗಿ ಕತ್ತರಿಸಿ ಒಂದು ತುಂಡು ರೈಲ್ವೆ ಕಂಪನಿಗೆ, ಪಕ್ಕದ್ದು ಬುಡಕಟ್ಟಿಗೆ ಅಂತ ಹಂಚಿತು. ಆಗ ಯಾರಿಗೂ ಬೇಡದ ಮರಳು. ಈಗ ಪಾಮ್ ಸ್ಪ್ರಿಂಗ್ಸ್‌ನ ಎಷ್ಟೋ ಹೋಟೆಲು, ಮನೆಗಳು ಅವರ ನೆಲದ ಮೇಲೆ ಗುತ್ತಿಗೆಗೆ ನಿಂತಿವೆ. ಬುಗ್ಗೆಯ ಮೇಲಿನ ಸ್ಪಾ ಕೂಡ ಅವರದ್ದೇ. ಈ ಒಂದು ಸಂಗತಿ ಕೇಳಿ ನನಗೆ ತುಂಬಾ ಖುಷಿಯಾಯಿತು.

ಬೇರೊಂದು ಸ್ಪಾದ ಪಟ್ಟಿಯಲ್ಲಿ ಅಭ್ಯಂಗ ಅಂತ ಇತ್ತು. ಬೆಲೆಯನ್ನು ರೂಪಾಯಿಗೆ ತಿರುಗಿಸಿ ನೋಡಿ ಪಟ್ಟಿ ಮಡಚಿಟ್ಟೆ. ನಮ್ಮಜ್ಜಿ ದೀಪಾವಳಿಯ ಬೆಳಗ್ಗೆ ಇದನ್ನೇ ಮಾಡುತ್ತಿದ್ದರು. ಬಿಸಿ ಹರಳೆಣ್ಣೆ ನೆತ್ತಿಗೆ ಸುರಿದು ಚಟಪಟ ತಟ್ಟಿ, ಹಂಡೆಯ ನೀರು ಹೊಯ್ದು, ಸೀಗೆಪುಡಿ ಕಣ್ಣಿಗೆ ಹೋಯಿತೆಂದು ಅತ್ತರೆ ಬೆನ್ನಿಗೊಂದು ಬಾರಿಸುತ್ತಿದ್ದರು. ಇಲ್ಲಿ ಬಾರಿಸುವುದಿಲ್ಲ, ಪಿಸುಮಾತಿನಲ್ಲಿ ಮಾತಾಡುತ್ತಾರೆ, ಸೌತೆಕಾಯಿ ಹಾಕಿದ ನೀರು ಕೊಡುತ್ತಾರೆ. ಆ ವ್ಯತ್ಯಾಸಕ್ಕೇ ಅಷ್ಟು ಡಾಲರ್ ಇರಬೇಕು.

ಇಷ್ಟೆಲ್ಲ ವಿಶ್ರಾಂತಿಯನ್ನು ನಡೆಸುವವರು ಬೆಳಕು ಹರಿಯುವ ಮೊದಲೇ ಬಂದಿರುತ್ತಾರೆ. ಹುಲ್ಲು ಕತ್ತರಿಸುವವರು, ಕೊಳದ ಎಲೆ ತೆಗೆಯುವವರು, ಟವೆಲ್ ಮಡಿಸುವವರು. ಹೆಚ್ಚಿನವರ ಮಾತು ಸ್ಪ್ಯಾನಿಷ್. ಅಂಥವರಲ್ಲಿ ಎಷ್ಟೋ ಮಂದಿಯ ಮನೆ ಕಣಿವೆಯ ಪೂರ್ವದ ತುದಿಯಲ್ಲಿ. ಅಲ್ಲಿನ ಕೆಲವು ಟ್ರೈಲರ್ ಪಾರ್ಕ್‌ಗಳ, ಅಂದರೆ ಎಳೆದೊಯ್ಯಬಲ್ಲ ಅಗ್ಗದ ಮನೆಗಳ ಬಡಾವಣೆಗಳ, ಬಾವಿ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಇದೆ, ಕುಡಿಯಲು ಬಾಟಲಿ ನೀರು ತರಬೇಕು. ಹುಲ್ಲಿಗೆ ನದಿಯ ನೀರು, ಹುಲ್ಲು ಕತ್ತರಿಸುವವನಿಗೆ ಬಾಟಲಿ ನೀರು. ಸೌತೆಕಾಯಿ ನೀರು ಹೀರುತ್ತಾ ಇದನ್ನು ಯೋಚಿಸುವುದು ಸುಲಭವಲ್ಲ. ಅದಕ್ಕೇ ಇರಬೇಕು, ಯಾರೂ ಯೋಚಿಸುವಂತೆ ಕಾಣಲಿಲ್ಲ.

"ಜುಲೈನಲ್ಲಿ ಬನ್ನಿ ದೊಡ್ಡಮ್ಮ, ರೂಮು ಎಷ್ಟೋ ಕಮ್ಮಿಗೆ ಸಿಗುತ್ತೆ" ಅಂದಳು ತಂಗಿಯ ಮಗಳು. 2024ರ ಜುಲೈನಲ್ಲಿ ಪಾಮ್ ಸ್ಪ್ರಿಂಗ್ಸ್‌ನ ಬಿಸಿಲು 51 ಡಿಗ್ರಿ ಮುಟ್ಟಿತ್ತು. "ಕಮ್ಮಿಗೆ ಯಾಕೆ ಕಣೇ, ಅವರೇ ನಮಗೆ ಕೊಡಬೇಕು" ಅಂದೆ.

ಅವಳ ಗಂಡ ಮಾತ್ರ ಜುಲೈನಲ್ಲೇ ಹೋಗುತ್ತಾನೆ. ಗಾಲ್ಫಿನ ಶುಲ್ಕ ಕಮ್ಮಿ, ಬಿಸಿ ಗಾಳಿಯಲ್ಲಿ ಚೆಂಡು ಸ್ವಲ್ಪ ಜಾಸ್ತಿ ದೂರ ಹೋಗುತ್ತದೆ, ಗರಿಕೆಯೂ ತನ್ನ ಸ್ವಂತ ಹಸಿರಿನಲ್ಲಿರುತ್ತದೆ. ಬೆಳಗ್ಗೆ ಐದೂವರೆಗೆ ಶುರು ಮಾಡಿ ಹತ್ತರೊಳಗೆ ಮುಗಿಸುತ್ತಾನೆ. ಆಮೇಲೆ ರೂಮಿಗೆ ಬಂದು, ಪರದೆ ಎಳೆದು, ಎಸಿ ಹಾಕಿಕೊಂಡು ಸಂಜೆಯವರೆಗೆ ಗೊರಕೆ. "ಸ್ಪಾಗೂ ಬರಲ್ಲ, ಟೆನಿಸ್ಸೂ ಆಡಲ್ಲ, ಅಷ್ಟು ದೂರ ಹೋಗಿ ಮಲಗೋದಾ?" ಅಂತ ಅವಳ ದೂರು. ನಾನು ಅಳಿಯನ ಪರ. ಆ ರಿಸಾರ್ಟಿಗೆ ಹೋಗುವವರ ಪೈಕಿ ರಜೆ ತೆಗೆದುಕೊಂಡವನು ಅವನೊಬ್ಬನೇ.