ದೋಣಿಯಾಚೆ ಮೈ ಚಾಚಿದ ಪಾಲ್ ಎಲ್ವ್‌ಸ್ಟ್ರೋಮ್

ಡೆನ್ಮಾರ್ಕಿನ ಹಾಯಿದೋಣಿ ಸ್ಪರ್ಧಿ ಪಾಲ್ ಎಲ್ವ್‌ಸ್ಟ್ರೋಮ್ ಅವರ ಹೆಸರು ಬಂದಾಗಲೆಲ್ಲ, 1948ರಿಂದ 1960ರವರೆಗೆ ಸತತ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಅವರು ಗೆದ್ದ ಚಿನ್ನದ ಪದಕಗಳ ಮಾತೇ ಮೊದಲು ಬರುತ್ತದೆ. 2012ರಲ್ಲಿ ಬ್ರಿಟನ್ನಿನ ಬೆನ್ ಐನ್ಸ್ಲಿ ಫಿನ್ ಎಂಬ ಪುಟ್ಟ ಹಾಯಿದೋಣಿಯಲ್ಲಿ ತಮ್ಮ ನಾಲ್ಕನೆಯ ಚಿನ್ನವನ್ನು ಗೆದ್ದು, ಮೊದಲೇ ಇದ್ದ ಒಂದು ಬೆಳ್ಳಿಯೊಡನೆ ಆ ದಾಖಲೆಯನ್ನು ಹಿಂದಿಕ್ಕಿದರು. ಇದರಿಂದ ಎಲ್ವ್‌ಸ್ಟ್ರೋಮ್ ಅವರ ಹಿರಿಮೆ ಕುಂದಿತೆಂದು ನಾನು ಒಪ್ಪಲಾರೆ. ಐನ್ಸ್ಲಿ ಅಂದು ಮಾಡಿದಂತೆ ಪುಟ್ಟ ದೋಣಿಯನ್ನು ಮೈಬಲದಿಂದ ಓಡಿಸುವ ಕ್ರಮಕ್ಕೆ ಗಟ್ಟಿಯಾದ ಅಡಿಪಾಯ ಹಾಕಿದವರು ಎಲ್ವ್‌ಸ್ಟ್ರೋಮ್.

ಕೋಪನ್‌ಹೇಗನ್ನಿನ ಉತ್ತರಕ್ಕಿರುವ ಹೆಲ್ಲೆರುಪ್‌ನಲ್ಲಿ 1928ರಲ್ಲಿ ಹುಟ್ಟಿದ ಅವರು, ಇಪ್ಪತ್ತನೆಯ ವಯಸ್ಸಿನಲ್ಲಿ ಇಂಗ್ಲೆಂಡಿನ ಟಾರ್ಕಿ ಕಡಲಲ್ಲಿ ಫೈರ್‌ಫ್ಲೈ ಎಂಬ ದೋಣಿಯೊಡನೆ ಮೊದಲ ಒಲಿಂಪಿಕ್ಸ್‌ಗೆ ಇಳಿದರು. ಮೊದಲ ರೇಸನ್ನು ಪೂರ್ಣಗೊಳಿಸಲಾಗದಿದ್ದರೂ, ಕೊನೆಯ ಎರಡು ರೇಸ್‌ಗಳನ್ನು ಗೆದ್ದು ಚಿನ್ನ ಪಡೆದರು. ಮುಂದಿನ ಮೂರು ಚಿನ್ನಗಳು ಹೆಲ್ಸಿಂಕಿ, ಮೆಲ್ಬರ್ನ್ ಮತ್ತು ನೇಪಲ್ಸ್‌ನ ನೀರಿನಲ್ಲಿ ಬಂದವು. ಮೂರೂ ಫಿನ್ ದೋಣಿಯಲ್ಲಿಯೇ.

ಫಿನ್ ಸುಮಾರು ನಾಲ್ಕೂವರೆ ಮೀಟರ್ ಉದ್ದದ, ಒಂದೇ ಹಾಯಿಯ, ಒಬ್ಬನೇ ನಡೆಸುವ ದೋಣಿ. ಗಾಳಿ ಬಿರುಸಾದಾಗ ಅದು ಒಂದು ಮಗ್ಗುಲಿಗೆ ವಾಲುತ್ತದೆ. ವಾಲಿದ ದೋಣಿಯಲ್ಲಿ ಹಾಯಿಗೆ ಸಿಕ್ಕ ಗಾಳಿ ಪೋಲಾಗುತ್ತದೆ, ದೋಣಿಯೂ ಅಡ್ಡಡ್ಡ ಜಾರುತ್ತದೆ. ಅದನ್ನು ಮಟ್ಟವಾಗಿರಿಸಲು ನಾವಿಕನಿಗೆ ತನ್ನ ದೇಹದ ಭಾರವಲ್ಲದೆ ಬೇರೆ ಸಾಧನವಿಲ್ಲ. ಒಳಗಿನ ಪಟ್ಟಿಗಳ ಕೆಳಗೆ ಪಾದಗಳನ್ನು ಸಿಕ್ಕಿಸಿ, ತೊಡೆ ಮತ್ತು ಹೊಟ್ಟೆಯ ಸ್ನಾಯುಗಳ ಬಲದಿಂದಲೇ ಮೈಯನ್ನು ದೋಣಿಯ ಅಂಚಿನಾಚೆ ಚಾಚಿ ಹಿಡಿಯಬೇಕು. ಹಲವರು ಹಾಯಿದೋಣಿಯನ್ನು ರಜಾದಿನದ ವಿನೋದವೆಂದು ಭಾವಿಸಿದ್ದ ಆ ಕಾಲದಲ್ಲಿ, ಎಲ್ವ್‌ಸ್ಟ್ರೋಮ್ ಮನೆಯಲ್ಲಿಯೇ ಇದಕ್ಕೆಂದು ಬೆಂಚೊಂದನ್ನು ಮಾಡಿಕೊಂಡು ಇದೇ ಭಂಗಿಯನ್ನು ಅಭ್ಯಾಸ ಮಾಡುತ್ತಿದ್ದರು. ಇಂದು ಇಂಥ ಬೆಂಚಿನ ಮೇಲೆ ಬೆವರು ಸುರಿಸದ ಡಿಂಗಿ (ಪುಟ್ಟ ಹಾಯಿದೋಣಿ) ಸ್ಪರ್ಧಿಗಳು ವಿರಳ. ಓಡುವ ದೋಣಿಯ ವೇಗದಿಂದಲೇ ಒಳಗಿನ ನೀರನ್ನು ತಳದಿಂದ ಹೊರಗೆಳೆಯುವ ಪುಟ್ಟ ಸಾಧನವೂ ಅವರ ಹೆಸರಿನಲ್ಲಿಯೇ ಪ್ರಸಿದ್ಧ.

ಸ್ಪರ್ಧೆಯ ನಿಯಮಗಳನ್ನು ಸರಳವಾಗಿ ವಿವರಿಸುವ ಅವರ ಕೈಪಿಡಿ ಜಗತ್ತಿನ ನಾವಿಕರ ಕೈಸೇರಿದೆ. ಎದುರಾಳಿಗಳ ಗೌರವವನ್ನು ಕಳೆದುಕೊಂಡು ಪಡೆದ ಗೆಲುವು ಗೆಲುವೇ ಅಲ್ಲವೆಂದು ಅವರು ಹೇಳುತ್ತಿದ್ದರೆಂಬುದು ಅವರ ಅಭಿಮಾನಿಗಳಿಗೆಲ್ಲ ಗೊತ್ತು.

ನನಗೆ ಅವರ ಬದುಕಿನಲ್ಲಿ ಅತ್ಯಂತ ಪ್ರಿಯವಾದ ಫಲಿತಾಂಶ ಪದಕವಿಲ್ಲದ್ದು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ, 56ರ ವಯಸ್ಸಿನಲ್ಲಿ, ಅವರು ಮಗಳು ಟ್ರೀನೆಯೊಂದಿಗೆ ಟೊರ್ನೇಡೊ ವಿಭಾಗದಲ್ಲಿ ಸ್ಪರ್ಧಿಸಿ ನಾಲ್ಕನೆಯ ಸ್ಥಾನ ಪಡೆದರು. ಎರಡು ಒಡಲುಗಳ ಆ ದೋಣಿ ಫಿನ್‌ಗಿಂತ ಬಹಳ ವೇಗದ್ದು, ಅದರ ಸ್ವಭಾವವೇ ಬೇರೆ. ನಾಲ್ಕು ಚಿನ್ನಗಳ ಕೀರ್ತಿಯಿದ್ದ ಮನುಷ್ಯ ಆ ವಯಸ್ಸಿನಲ್ಲಿ ಹೊಸ ಬಗೆಯ ದೋಣಿಯೊಂದಕ್ಕೆ ತನ್ನನ್ನು ಒಪ್ಪಿಸಿಕೊಂಡು, ತನ್ನ ಮಕ್ಕಳ ವಯಸ್ಸಿನವರೊಡನೆ ಸರಿಸಮನಾಗಿ ಸೆಣಸಿದ್ದನ್ನು ನಾನು ಆ ಚಿನ್ನಗಳ ಪಕ್ಕದಲ್ಲಿಯೇ ಇಡುತ್ತೇನೆ. 1988ರಲ್ಲಿ ತಂದೆ ಮಗಳಿಬ್ಬರೂ ಮತ್ತೆ ಒಲಿಂಪಿಕ್ಸ್‌ಗೆ ಬಂದರು. ಅದು ಎಲ್ವ್‌ಸ್ಟ್ರೋಮ್ ಅವರ ಎಂಟನೆಯ ಒಲಿಂಪಿಕ್ಸ್.